ಬಿಡುಗಡೆಯೋ, ವಜಾವೋ?

ತುಮಕೂರು ರಸ್ತೆಯ ಟಿ. ದಾಸರಹಳ್ಳಿಯು ಜಾಲಹಳ್ಳಿಯ ವಾಯುಪಡೆಯ ನೆಲೆಗೂ ಪೀಣ್ಯದ ಕಾರ್ಖಾನೆಗಳಿಗೂ ನೆರೆಯಾದ ಊರು. ಸೇನೆಯಿಂದ ಹೊರಬಂದವನು ಇಂತಹ ಊರಿನಲ್ಲಿ ಉದ್ಯೋಗವನ್ನು ಅರಸುವಾಗ, ಅವನ ಕೈಲಿರುವ ಕಾಗದದ ಒಂದು ಪದವೇ ಅವನ ಮಾನವನ್ನೂ ಅನ್ನವನ್ನೂ ನಿರ್ಣಯಿಸುವುದುಂಟು. ಆ ಪದವನ್ನು ಸರಿಯಾಗಿ ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಸೇನೆಯ ಪರಿಭಾಷೆಯಲ್ಲಿ ‘ಡಿಸ್ಚಾರ್ಜ್’ ಎಂಬುದು ತಾನಾಗಿಯೇ ಅಪಮಾನದ ಮಾತಲ್ಲ. ಕರಾರಿನ ಅವಧಿಯನ್ನು ನಿಷ್ಕಳಂಕವಾಗಿ ಮುಗಿಸಿ ಮನೆಗೆ ಮರಳುವವನಿಗೂ ಅದೇ ಪದ. ಸಿಪಾಯಿಗಳ ಆಡುಮಾತಿನಲ್ಲಿ ‘ಬೋರ್ಡ್ ಔಟ್’ ಆದವನೆಂದರೆ ವೈದ್ಯಮಂಡಲಿಯು ಸೇವೆಗೆ ದೇಹಸ್ಥಿತಿ ಸಾಲದೆಂದು ಕಳುಹಿಸಿದವನು, ಅವನು ಅಪರಾಧಿಯಲ್ಲ. ‘ಡಿಸ್ಮಿಸ್’ ಎಂಬುದೇ ನಿಜವಾದ ವಜಾ. ಸೇನಾ ನ್ಯಾಯಾಲಯವು ಇದನ್ನು ಶಿಕ್ಷೆಯಾಗಿ ವಿಧಿಸಬಹುದು. ಇದರೊಡನೆ ಪಿಂಚಣಿಯೂ ಸಾಮಾನ್ಯವಾಗಿ ಹೋಗುತ್ತದೆ. ಅಧಿಕಾರಿಗಳಿಗೆ ‘ಕ್ಯಾಷಿಯರಿಂಗ್’ ಎಂಬ ಇನ್ನೂ ಕಠಿಣವಾದ ದಂಡನೆಯುಂಟು. ಹಣ ಎಣಿಸುವ ಗುಮಾಸ್ತನಿಗೂ ಈ ಪದಕ್ಕೂ ಸಂಬಂಧವಿಲ್ಲ. ಮುರಿಯುವುದು, ರದ್ದುಗೊಳಿಸುವುದು ಎಂಬರ್ಥದ ಫ್ರೆಂಚ್ ಶಬ್ದದಿಂದ ಇದು ಬಂದಿದೆ.

ಬಿಡುಗಡೆಗೂ ವಜಾಕ್ಕೂ ನಡುವೆ ‘ಸೇವೆ ಇನ್ನು ಅಗತ್ಯವಿಲ್ಲ’ ಎಂಬ ನಯವಾದ ಮಾತೊಂದಿದೆ. ನಡತೆಯ ದಾಖಲೆಯಲ್ಲಿ ಕೆಂಪು ಶಾಯಿಯ ನಮೂದು ನಾಲ್ಕಾದವನನ್ನು ಹೀಗೆ ಕಳುಹಿಸುವ ವಾಡಿಕೆಯಿತ್ತು. ಎಣಿಕೆಯೊಂದೇ ಸಾಲದು, ನಿಷ್ಪಕ್ಷಪಾತವಾದ ವಿಚಾರಣೆ ನಡೆಯಬೇಕು, ಅವನ ಸೇವೆಯ ಅವಧಿಯನ್ನೂ ಕಠಿಣವಾದ ಠಾಣ್ಯಗಳಲ್ಲಿ ದುಡಿದುದನ್ನೂ ತೂಗಿನೋಡಬೇಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿತು.

ಇಷ್ಟು ಭೇದಗಳಿರುವಾಗ, ಎಲ್ಲವನ್ನೂ ‘ಸೇನೆಯಿಂದ ತೆಗೆದುಹಾಕಿದರು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದು ಘೋರವಾದ ಅನ್ಯಾಯವೇ ಸರಿ. ಇದಕ್ಕೆ ಪರಿಹಾರವು ಕಾನೂನಿನಲ್ಲಿಯೇ ಇದೆ. 1950ರ ಸೇನಾ ಅಧಿನಿಯಮದ 23ನೆಯ ಪ್ರಕರಣವು, ಸೇವೆ ಮುಗಿದ ಸಿಪಾಯಿಗೆ ಅವನ ಮಾತೃಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಮಾಣಪತ್ರವನ್ನು ಕೊಡತಕ್ಕದ್ದೆಂದು ವಿಧಿಸುತ್ತದೆ. ಸೇವೆಯನ್ನು ಕೊನೆಗೊಳಿಸಿದ ಅಧಿಕಾರ, ಅದಕ್ಕೆ ಕಾರಣ, ಸೇವೆಯ ಪೂರ್ಣಾವಧಿ ಈ ಮೂರೂ ಅದರಲ್ಲಿರಬೇಕು. ಎಂದರೆ ಕನ್ನಡಿಗ ಸಿಪಾಯಿಗೆ ಕನ್ನಡದ ಪತ್ರವು ಯಾರೊಬ್ಬರ ಕೃಪೆಯಲ್ಲ. ಅದು ಅವನ ಹಕ್ಕು.

2022ರಲ್ಲಿ ಸಾರಿದ ಅಗ್ನಿಪಥ ಯೋಜನೆಯು ನಾಲ್ಕು ವರ್ಷಗಳ ಅನಂತರ ನೂರಕ್ಕೆ 25ರವರೆಗೆ ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಊರಿಗೆ ಕಳುಹಿಸುವಂತಹುದು. ಇಂತಹ ಕಾಗದಗಳನ್ನು ಹಿಡಿದು ಬರುವ ತರುಣರು ಇನ್ನು ಹೆಚ್ಚಲಿದ್ದಾರೆ. ಅವರು ತಮ್ಮ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಲಿ. ಕಛೇರಿಗಳ ಅಧಿಕಾರಿಗಳೂ ಕಾರ್ಖಾನೆಗಳ ಯಜಮಾನರೂ ಅದರಲ್ಲಿನ ಕಾರಣವನ್ನು ಪೂರ್ತಿಯಾಗಿ ಓದಿ, ಅನಂತರವೇ ಮನುಷ್ಯನನ್ನು ಅಳೆಯಲಿ ಎಂದು ನಾವು ಆಗ್ರಹಪಡಿಸುತ್ತೇವೆ.