ಬಡಗಿನವರಿಗೆ ತೆಂಕು, ತೆಂಕಿನವರಿಗೆ ಬಡಗು

ಯಕ್ಷಗಾನದ ಲೆಕ್ಕದಲ್ಲಿ ನಾವು ತೆಂಕಿನವರು. ಕುಂಬಳೆಯ ಪಾರ್ತಿಸುಬ್ಬನ ಕಾಲದಿಂದಲೂ ನಮ್ಮ ಬಯಲಾಟ ತೆಂಕುತಿಟ್ಟಿನದು. ಬಡಗುತಿಟ್ಟೆಂದರೆ ಕುಂದಾಪುರ, ಬ್ರಹ್ಮಾವರ ಕಡೆಯದು. ಅದೇ ನಾವು ಸಂಜೆಯ ರೈಲು ಹತ್ತಿ ಬೆಳಿಗ್ಗೆ ತಿರುವನಂತಪುರದಲ್ಲಿ ಇಳಿದರೆ ಒಂದೇ ರಾತ್ರಿಯಲ್ಲಿ ಬಡಗಿನವರಾಗಿಬಿಡುತ್ತೇವೆ. ಕಚೇರಿಯ ಜವಾನ ಕೂಡ ನಮ್ಮ ಮಲಯಾಳ ಕೇಳಿ 'ವಡಕ್ಕರ್' ಎಂದು ಗುರುತಿಸುತ್ತಾನೆ. ಬೆಂಗಳೂರಿಗೆ ಹೋದರೆ ಬೇರೆಯೇ ಕಥೆ. ನಮ್ಮ ಪುಸ್ತಕದ ಕನ್ನಡ ಕೇಳಿದವರು 'ಮಂಗಳೂರು ಕಡೆಯವರೋ?' ಎನ್ನುತ್ತಾರೆ, ಕಾಸರಗೋಡು ಎಂದರೆ 'ಓಹೋ, ಕೇರಳದವರು' ಎಂದು ಮಾತು ಮುಗಿಸುತ್ತಾರೆ. ತೆಂಕು ಬಡಗುಗಳೆಲ್ಲ ಹೇಳುವವರು ನಿಂತ ಜಾಗದಿಂದ ಎಣಿಸುವ ಲೆಕ್ಕ.

ಒಂದು ಭಾಷೆಗೆ ಒಂದು ರಾಜ್ಯವೆಂದು 1956ರ ನವೆಂಬರ್ 1ರಂದು ಗೆರೆ ಎಳೆದದ್ದಾಯಿತು. ಇಷ್ಟು ದಶಕಗಳಾದ ಮೇಲೂ ಜನ ತಮ್ಮ ರಾಜ್ಯವನ್ನು ಮನಸ್ಸಿನಲ್ಲಿ ಮೂರಾಗಿಯೋ ನಾಲ್ಕಾಗಿಯೋ ಹಂಚಿಕೊಂಡೇ ಇದ್ದಾರೆ. ಮಲಯಾಳಿಗಳಿಗೆ ತಿರುವಾಂಕೂರು, ಕೊಚ್ಚಿ, ಮಲಬಾರು ಎಂಬ ಮಾತು ಇನ್ನೂ ನಾಲಿಗೆಯ ಮೇಲಿದೆ. ಕರ್ನಾಟಕದವರಿಗೆ ಹಳೆ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ. 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕವೆಂದೂ 2021ರಲ್ಲಿ ಮುಂಬಯಿ ಕರ್ನಾಟಕವನ್ನು ಕಿತ್ತೂರು ಕರ್ನಾಟಕವೆಂದೂ ಸರಕಾರವೇ ಹೆಸರು ಬದಲಿಸಿತು. ಆದರೆ ಗಡಿಗೆರೆ ಮಾತ್ರ ನಿಜಾಮನದೂ ಮುಂಬಯಿ ಪ್ರಾಂತದ್ದೂ ಆಗಿಯೇ ಉಳಿಯಿತು.

ಇಂಥ ಹೆಸರುಗಳಲ್ಲಿ ಎರಡು ಬಗೆ ಇದೆಯೆಂದು ನಮಗೆ ತೋರುತ್ತದೆ. ಮಲೆನಾಡು, ಬಯಲುಸೀಮೆ, ಕರಾವಳಿ ಎಂಬಂಥವು ಮಳೆ ಮತ್ತು ಮಣ್ಣು ಕೊಟ್ಟ ಹೆಸರುಗಳು. ಅವುಗಳ ಸುತ್ತ ಅಡಿಗೆ, ಹಬ್ಬ, ನಗೆಚಾಟಿಕೆ ಬೆಳೆಯುತ್ತವೆ. ಇನ್ನೊಂದು ಬಗೆ ಕಚೇರಿ ಕೊಟ್ಟ ಹೆಸರುಗಳದು. ಅವುಗಳ ಸುತ್ತ ಬೆಳೆಯುವುದು ಅಹವಾಲು. ಕರ್ನಾಟಕ ಸರಕಾರ ನೇಮಿಸಿದ್ದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅಂದಿನ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಎಣಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲೂ ದೊಡ್ಡ ಪಾಲು ಕಲಬುರಗಿ ವಿಭಾಗದ್ದು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದು ಆ ಭಾಗದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ದೊರೆಯಿತು. ನಿಜಾಮನ ಆಡಳಿತದ ಗೆರೆಗೆ ಈಗ ಸಹಾಯಕ ಆಯುಕ್ತರ ಮೊಹರೂ ಬಿದ್ದಿದೆ. ಆ ಗೆರೆಯನ್ನು ಮರೆತುಬಿಡಿ ಎಂದು ಅಲ್ಲಿಯವರಿಗೆ ಯಾರಾದರೂ ಬುದ್ಧಿ ಹೇಳಲಾದೀತೇ?

ಕೇರಳದ ಮಾತಿಗೆ ಬರೋಣ. ತಿರುವಾಂಕೂರಿನಲ್ಲಿ ಅರಸರ ಆಡಳಿತ. ಅಲ್ಲಿ 1865ರಲ್ಲೇ ಸರಕಾರಿ ಭೂಮಿಯ ಗೇಣಿದಾರರಿಗೆ ಒಡೆತನದ ಹಕ್ಕು ಕೊಟ್ಟ ಘೋಷಣೆ ಹೊರಟಿತು. 1937ರಲ್ಲಿ ಸ್ವಂತ ವಿಶ್ವವಿದ್ಯಾಲಯವೂ ಆಯಿತು. ಮಲಬಾರು ದೂರದ ಮದರಾಸಿನ ಒಂದು ಜಿಲ್ಲೆ. ಅಲ್ಲಿ ಬ್ರಿಟಿಷರ ನ್ಯಾಯಾಲಯಗಳು ಜನ್ಮಿಯನ್ನೇ ಭೂಮಿಯ ಪೂರ್ಣ ಒಡೆಯನೆಂದು ಒಪ್ಪಿದ್ದರಿಂದ ಕೆಳಗಿನ ಕಾಣದಾರ, ಪಾಟ್ಟದಾರರ ಪಾಡು ಕಷ್ಟವಾಯಿತು. ಕಲ್ಲಿಕೋಟೆಗೆ ವಿಶ್ವವಿದ್ಯಾಲಯ ಬಂದದ್ದು 1968ರಲ್ಲಿ. 1949ರಲ್ಲಿ ಒಂದಾದ ತಿರುವಾಂಕೂರು-ಕೊಚ್ಚಿಗೆ 1956ರಲ್ಲಿ ಮಲಬಾರು ಸೇರುವಾಗ ಒಬ್ಬರ ಮನೆಯಲ್ಲಿ ಎರಡು ತಲೆಮಾರು ಓದಿ ಆಗಿತ್ತು, ಇನ್ನೊಬ್ಬರ ಮನೆಯಲ್ಲಿ ಅಕ್ಷರವೇ ಹೊಸತು. ತಿರುವಾಂಕೂರಿನಲ್ಲಿ ಭೂಮಿ ಸಾಲದ ಕೃಷಿಕರು ಬಡಗಿನ ಗುಡ್ಡಗಳಿಗೆ ವಲಸೆ ಬಂದರು. ನಮ್ಮ ಜಿಲ್ಲೆಯ ರಾಜಪುರದಲ್ಲಿ ಅವರು ಬಿಡಾರ ಹೂಡಿದ್ದು 1943ರಲ್ಲಿ. ಅವರ ಮೊಮ್ಮಕ್ಕಳೂ ಇಲ್ಲೇ ಹುಟ್ಟಿ ಬೆಳೆದರು. ಆದರೂ ಅಕ್ಕಪಕ್ಕದವರ ಬಾಯಲ್ಲಿ ಅವರಿನ್ನೂ ತಿರುವಾಂಕೂರಿನವರೇ.

ಇಷ್ಟಕ್ಕೂ ಮಲಬಾರೊಂದೇ ಎನ್ನುವಂತಿಲ್ಲ. ಕೋರಪುಳ ಹೊಳೆಯ ಆಚೆ ದಕ್ಷಿಣ ಮಲಬಾರು, ಈಚೆ ಉತ್ತರ ಮಲಬಾರು. ಉತ್ತರದ ನಾಯರ್ ಹೆಂಗಸರು ಆ ಹೊಳೆ ದಾಟಬಾರದೆಂಬ ಕಟ್ಟಳೆ ಹಿಂದೆ ಇತ್ತು. ನಾವೇನು ಕಡಿಮೆಯೇ? ನಮ್ಮ ಹವ್ಯಕರ ಮನೆಗಳಲ್ಲಿ ಸಂಬಂಧ ಕೂಡಿಸುವಾಗ ಕುಂಬಳೆ ಸೀಮೆಯೋ, ವಿಟ್ಲ ಸೀಮೆಯೋ, ಪಂಜ ಸೀಮೆಯೋ ಎಂಬ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ಆ ಸೀಮೆಗಳ ಅರಸರು ಹೋಗಿ ಇನ್ನೂರು ವರ್ಷ ಕಳೆದಿದೆ.

ಈಗ ನಮ್ಮದೇ ಪ್ರಶ್ನೆ. ಈ ಮೂರು ಭಾಗಗಳಲ್ಲಿ ಕಾಸರಗೋಡು ಯಾವುದರದು? ಇಂದು ಯಾರನ್ನು ಕೇಳಿದರೂ ಮಲಬಾರು ಎನ್ನುತ್ತಾರೆ. ಮಂಗಳೂರಿನಿಂದ ಹೊರಡುವ ರೈಲಿನ ಹೆಸರೇ ಮಲಬಾರ್ ಎಕ್ಸ್‌ಪ್ರೆಸ್. ಮಧೂರಿನ ಗಣಪತಿಯೂ 2008ರಿಂದೀಚೆಗೆ ಮಲಬಾರ್ ದೇವಸ್ವಂ ಮಂಡಳಿಯ ಆಡಳಿತಕ್ಕೆ ಸೇರಿದ್ದಾನೆ. ನಮ್ಮ ತರಗತಿಯ ಮಕ್ಕಳು ಕೂಡ ಭೂಪಟದಲ್ಲಿ ಕೋಲು ಇಟ್ಟು ತೋರಿಸೆಂದರೆ ತಲಪಾಡಿಯಿಂದಲೇ ಮಲಬಾರು ಸುರು ಮಾಡುತ್ತಾರೆ.

ಆದರೆ 1956ರ ಅಕ್ಟೋಬರ್ 31ರ ತನಕ ಕಾಸರಗೋಡು ಒಂದು ದಿನವೂ ಮಲಬಾರು ಜಿಲ್ಲೆಯಲ್ಲಿರಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪೆನಿ ಸರಕಾರದ ಕೈಸೇರಿದ ಕನ್ನಡ ಜಿಲ್ಲೆಯ ತುಂಡು ಇದು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದಾಗ ದಕ್ಷಿಣ ಕನ್ನಡದೊಡನೆ ಮದರಾಸಿನಲ್ಲೇ ಉಳಿಯಿತು. ಇಲ್ಲಿಯ ಭೂಮಿಯ ಲೆಕ್ಕ ಜನ್ಮ-ಕಾಣದ್ದಲ್ಲ. ವರ್ಗ, ಮೂಲಗೇಣಿ, ಚಾಲಗೇಣಿ ಎಂದು ನಡೆದು ಬಂದದ್ದು. ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆ ತೆಗೆಯುವ ಕುಮ್ಕಿ ಹಕ್ಕು ದಕ್ಷಿಣ ಕನ್ನಡದ್ದು. ತೆಂಕಿನಿಂದ ವರ್ಗವಾಗಿ ಬಂದ ಅಧಿಕಾರಿಗೆ ಕುಮ್ಕಿ ಎಂದರೇನೆಂದು ವಿವರಿಸುವಷ್ಟರಲ್ಲಿ ನಮ್ಮ ಕೃಷಿಕರಿಗೆ ಸಾಕುಸಾಕಾಗುತ್ತದೆ. ಬಂಟರು, ಬಿಲ್ಲವರು ನಡೆದದ್ದು ಅಳಿಯಸಂತಾನ ಕಟ್ಟಿನಲ್ಲಿ. ಮಲಬಾರಿನ ಮರುಮಕ್ಕತ್ತಾಯಂ ಅದಕ್ಕೆ ಹತ್ತಿರದ್ದೇ ಆದರೂ ಮದರಾಸಿನ ಶಾಸನಸಭೆ ಎರಡಕ್ಕೂ ಬೇರೆ ಬೇರೆ ಕಾನೂನು ಮಾಡಬೇಕಾಯಿತು.

ಹಾಗೆಂದು ನಮಗೆ ಒಪ್ಪುವುದನ್ನಷ್ಟೇ ಹೇಳುವುದು ಸರಿಯಲ್ಲ. ಹಿಂದಿನ ಕಾಸರಗೋಡು ತಾಲೂಕು ತೆಂಕಿನಲ್ಲಿ ಹೊಸದುರ್ಗ, ನೀಲೇಶ್ವರಗಳನ್ನೂ ಒಳಗೊಂಡಿತ್ತು. ಅಲ್ಲಿಯ ಮನೆಮಾತು ಹೆಚ್ಚಾಗಿ ಮಲಯಾಳವೇ. ತುಳುನಾಡಿಗೂ ಮಲಯಾಳ ನಾಡಿಗೂ ಹಿರಿಯರು ಹೇಳುತ್ತಿದ್ದ ಗಡಿ ಚಂದ್ರಗಿರಿ ಹೊಳೆ. 1955ರಲ್ಲಿ ಫಜಲ್ ಆಲಿ ಆಯೋಗ ಇಡೀ ತಾಲೂಕನ್ನು ಕೇರಳಕ್ಕೆ ಹೇಳಿತು. 1967ರಲ್ಲಿ ಮಹಾಜನ ಆಯೋಗ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದಿತು. ಆ ವರದಿ ಜಾರಿಯಾಗಲಿಲ್ಲ. 1957ರಿಂದ ನಾವು ಕಣ್ಣಾನೂರು ಜಿಲ್ಲೆಯವರಾದೆವು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. ಹಳೆಯ ಮಲಬಾರಿನ ಆ ಊರಿಗೆ 27 ವರ್ಷ ಕಾಗದ ಬರೆದು ಬರೆದು, ನಾವೂ ಮಲಬಾರಿನವರೆಂಬ ಅಭ್ಯಾಸ ಬೇರೂರಿರಬೇಕು.

ಹೆಸರು ಏನಾದರೇನು ಎಂದು ಕೇಳಬಹುದು. 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಲು ಅವಕಾಶವಿದೆ. ಕೇರಳದ ಲೋಕಸೇವಾ ಆಯೋಗ ಈ ಜಿಲ್ಲೆಗೆ ಮಲಯಾಳ, ಕನ್ನಡ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳನ್ನು ಬೇರೆಯಾಗಿ ಕರೆಯುತ್ತದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದು ನೆನಪಿಸಿದ್ದೂ ಇದನ್ನೇ. ಈ ಅವಕಾಶಗಳು ಮಲಬಾರಿಗೆಂದು ಬಂದವಲ್ಲ. ದಕ್ಷಿಣ ಕನ್ನಡದ ತುಂಡೊಂದು ಕೇರಳಕ್ಕೆ ಬಂದು ಸೇರಿದ್ದರಿಂದ ಬಂದವು. 'ಅಲ್ಲೆಲ್ಲ ಮಲಬಾರೇ, ಕನ್ನಡದ ಗುಮಾಸ್ತರು ಯಾಕೆ?' ಎಂದು ಯಾರಾದರೂ ಕೇಳಿದ ದಿನ ಉತ್ತರ ಹೇಳಬೇಕಾದವರು ನಾವೇ. ಮನೆಯ ಕಪಾಟಿನಲ್ಲಿರುವ 1956ರ ಹಿಂದಿನ ಕನ್ನಡ ದಸ್ತಾವೇಜುಗಳನ್ನು ಓದಬಲ್ಲ ನೌಕರರು ಕಚೇರಿಗಳಲ್ಲಿ ಸಾಲದೆಂಬ ದೂರು ಈಗಲೇ ಇದೆ.

ದೂರವೂ ಈ ವಿಭಜನೆಗೆ ಗೊಬ್ಬರ ಹಾಕುತ್ತದೆ. ಕಾಸರಗೋಡಿನಿಂದ ರಾಜಧಾನಿಗೆ 550 ಕಿಲೋಮೀಟರಿಗೂ ಹೆಚ್ಚು, ಮಂಗಳೂರಿಗೆ 50ರಷ್ಟು. ಎದೆನೋವು ಬಂದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾಲಕ್ಕೆ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಹಲವು ರೋಗಿಗಳು ಆಸ್ಪತ್ರೆ ಕಾಣದೆ ಪ್ರಾಣ ಬಿಟ್ಟರು. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದರ ಕಟ್ಟಡವನ್ನು ಕೊರೋನಾ ಆಸ್ಪತ್ರೆಯಾಗಿ ತೆರೆದದ್ದು ಆ ಗಡಿ ಮುಚ್ಚಿದ ಮೇಲೆ, ಏಪ್ರಿಲ್‌ನಲ್ಲಿ. ಆ ವಾರಗಳಲ್ಲಿ ಕನ್ನಡದ ಮನೆ, ಮಲಯಾಳದ ಮನೆ, ಬ್ಯಾರಿಗಳ ಮನೆ ಎಂಬ ಭೇದವಿಲ್ಲದೆ ಎಲ್ಲರೂ 'ನಾವು ಕಾಸರಗೋಡಿನವರು' ಎಂದದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಮಲಬಾರು, ತುಳುನಾಡು ಎಂದು ಯಾರೂ ಹೇಳಲಿಲ್ಲ.

ಇನ್ನು ಹತ್ತನೇ ತರಗತಿ ದಾಟುವ ಮಕ್ಕಳ ಹೆತ್ತವರಿಗೆ ಒಂದು ಮಾತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಹೊರನಾಡ ಕನ್ನಡಿಗರು ಬೇರೆ, ಗಡಿನಾಡ ಕನ್ನಡಿಗರು ಬೇರೆ. ಗಡಿನಾಡ ಕಲಮಿಗೆ ಸೇರಲು ಅಲ್ಲಿ ಹೆಸರಿಸಿದ ತಾಲೂಕಿನವರೆಂದು ಕಾಗದ ತೋರಿಸಬೇಕು, ಮಾತೃಭಾಷೆಯನ್ನೂ ಸರಿಯಾಗಿ ಬರೆದಿರಬೇಕು. ಮಂಜೇಶ್ವರ ಬೇರೆ ತಾಲೂಕಾದ ಮೇಲೆ ಒಂದೇ ಮನೆಯ ಹಳೆಯ ಕಾಗದದಲ್ಲಿ ಕಾಸರಗೋಡು, ಹೊಸ ಕಾಗದದಲ್ಲಿ ಮಂಜೇಶ್ವರ ಎಂದು ಇರುವುದುಂಟು. ಕೊನೆಯ ದಿನದ ತನಕ ಕಾಯದೆ, ಬೇಕಾದ ದೃಢಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.