ದಂಡು ಬಂದ ಮೇಲೆ: ಅರಬ್ ದೇಶಗಳ ವಿದೇಶಿ ಸೇನಾ ನೆಲೆಗಳು ಮತ್ತು ಮೈಸೂರಿನ ಅನುಭವ

ಕನ್ನಡ ಎಂ.ಎ. ಓದುವವರಿಗೆ ಅರಬ್ ದೇಶಗಳ ಸೇನಾ ನೆಲೆಗಳ ವಿಷಯ ಯಾಕೆ ಅಂತ ನಿಮಗೆ ಅನ್ನಿಸಬಹುದು. ಎರಡು ಕಾರಣಗಳಿವೆ. ನಮ್ಮ ಕುಂಬ್ಡಾಜೆಯೂ ಸೇರಿದಂತೆ ಕಾಸರಗೋಡಿನ ಊರುಗಳಲ್ಲಿ ಗಲ್ಫಿನಲ್ಲಿ ದುಡಿಯುವವರ ಮನೆಗಳು ಬಹಳ. 2025ರ ಜೂನ್ 23ರ ರಾತ್ರಿ ಇರಾನ್, ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಅದು ನಮಗೆ ದೂರದ ಸುದ್ದಿಯಾಗಿರಲಿಲ್ಲ. ಎರಡನೆಯದು, ಇಂಥ ನೆಲೆ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಕಂಟೋನ್ಮೆಂಟಿಗೆ ಕನ್ನಡದಲ್ಲಿ ‘ದಂಡು’ ಅಂತಲೇ ಹೆಸರು. ಆ ದಂಡು ಮೈಸೂರಿನದ್ದಲ್ಲ, ಬ್ರಿಟಿಷರದ್ದು.

ಮೊದಲು ಆ ಕತೆ ನೋಡೋಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಂತೆ ಕಂಪನಿಯ ಸೈನ್ಯ ಮೈಸೂರನ್ನು ಕಾಯಬೇಕು, ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕು. ಹಣ ಬರುವುದು ಸಂಶಯವೆನಿಸಿದರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಅಧಿಕಾರವೂ ಗವರ್ನರ್ ಜನರಲ್‌ಗೆ ಇತ್ತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯಾಯಿತು. ನಗರ ಪ್ರಾಂತ್ಯದ ರೈತರ ದಂಗೆಯ ನಂತರ, 1831ರಲ್ಲಿ ಬೆಂಟಿಂಕ್ ದುರಾಡಳಿತ ಮತ್ತು ಕಪ್ಪದ ಬಾಕಿಯ ಕಾರಣ ಹೇಳಿ ಆಡಳಿತವನ್ನು ವಹಿಸಿಕೊಂಡ. ಅದು ಅರಸರಿಗೆ ಮರಳಿದ್ದು 50 ವರ್ಷಗಳ ಮೇಲೆ, 1881ರಲ್ಲಿ. ಆಗಲೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸಿಕ್ಕಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ.

ಇದರಲ್ಲಿ ಕಾಣುವ ತೊಡಕುಗಳೇ ಅರಬ್ ದೇಶಗಳಲ್ಲೂ ಕಾಣುತ್ತವೆ.

ಮೊದಲನೆಯದು, ಕಾಯಲು ಬಂದವರೇ ಆಳುವ ಸ್ಥಿತಿ. 1930ರ ಒಪ್ಪಂದದಂತೆ ಇರಾಕಿನ ಹಬ್ಬಾನಿಯಾ ಮತ್ತು ಶುಐಬಾದಲ್ಲಿ ಬ್ರಿಟನ್ ವಾಯುನೆಲೆ ಇಟ್ಟುಕೊಂಡಿತು. 1932ರಲ್ಲಿ ಇರಾಕ್ ಸ್ವತಂತ್ರವಾಯಿತು. ಆದರೆ 1941ರಲ್ಲಿ ಬಾಗ್ದಾದಿನಲ್ಲಿ ತಮಗೆ ಒಗ್ಗದ ಸರಕಾರ ಬಂದಾಗ ಬ್ರಿಟಿಷರು ಯುದ್ಧ ಮಾಡಿ ದೇಶವನ್ನು ಮತ್ತೆ ಹಿಡಿತಕ್ಕೆ ತೆಗೆದುಕೊಂಡರು.

ಎರಡನೆಯದು, ಒಂದೇ ನೆಲದಲ್ಲಿ ಎರಡು ಕಾನೂನು. ವಿದೇಶಿ ಸೈನಿಕ ತಪ್ಪು ಮಾಡಿದರೆ ವಿಚಾರಣೆ ಯಾರದ್ದು? 2011ರಲ್ಲಿ ಅಮೆರಿಕ ತನ್ನ ಸೈನಿಕರಿಗೆ ಇರಾಕಿನ ಕಾನೂನಿನಿಂದ ರಕ್ಷಣೆ ಕೇಳಿತು. ಅದಕ್ಕೆ ಒಪ್ಪಿಗೆ ಸಿಗದೆ ಆ ವರ್ಷದ ಕೊನೆಗೆ ಸೈನ್ಯ ಹೊರಟಿತು.

ಮೂರನೆಯದು, ತನ್ನದಲ್ಲದ ಜಗಳಕ್ಕೆ ಮನೆಯಂಗಳವೇ ಗುರಿಯಾಗುವುದು. ಜೂನ್ 23ರ ದಾಳಿ ಇರಾನಿನ ಅಣು ಕೇಂದ್ರಗಳ ಮೇಲೆ ಅಮೆರಿಕ ಹಾಕಿದ ಬಾಂಬಿಗೆ ಉತ್ತರ. ಪೆಟ್ಟು ಬಿದ್ದದ್ದು ಕತಾರಿನ ನೆಲಕ್ಕೆ. ಅಂದು ಹಲವು ಗಲ್ಫ್ ದೇಶಗಳ ಆಕಾಶಮಾರ್ಗ ಮುಚ್ಚಿತು, ಪ್ರಯಾಣಿಕರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು.

ಹಾಗಾದರೆ ನೆಲೆ ಯಾಕೆ ಬೇಕು ಅಂತೀರಾ? ಸಣ್ಣ ದೇಶಗಳ ಭಯ ಸುಳ್ಳಲ್ಲ. 1990ರಲ್ಲಿ ಇರಾಕ್ ಕುವೈತನ್ನು ನುಂಗಿತ್ತು, ಅದನ್ನು ಬಿಡಿಸಿದ್ದು ಹೊರಗಿನ ಸೈನ್ಯವೇ. ಆದರೆ ನೆಲೆ ಇದ್ದ ಮಾತ್ರಕ್ಕೆ ರಕ್ಷಣೆ ಖಚಿತವೇ? 2025ರ ಸೆಪ್ಟೆಂಬರ್ 9ರಂದು ಅಮೆರಿಕದ ಮಿತ್ರ ಇಸ್ರೇಲ್ ದೋಹಾದ ಮೇಲೆಯೇ ದಾಳಿ ಮಾಡಿತು. ಅಲ್ ಉದೈದ್ ಅಲ್ಲೇ ಹತ್ತಿರ ಇತ್ತು.

ಮೈಸೂರಿಗೂ ಇಂದಿನ ಗಲ್ಫಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಮೈಸೂರಿಗೆ ‘ಹೋಗಿ’ ಎನ್ನುವ ಶಕ್ತಿ ಇರಲಿಲ್ಲ. ಇಂದಿನವು ಸ್ವತಂತ್ರ ದೇಶಗಳು; 2003ರಲ್ಲಿ ಸೌದಿಯಿಂದ ಅಮೆರಿಕದ ಹೆಚ್ಚಿನ ಪಡೆ ಹೊರಟದ್ದೂ ಉಂಟು. ಹಾಗಾಗಿ ನನ್ನ ವಾದ ಇಷ್ಟೇ: ಆಪತ್ತಿಗೆ ಬಂದ ಸೈನ್ಯ ಬೇರೆ, ಗಡುವಿಲ್ಲದೆ ತಂಗಿದ ದಂಡು ಬೇರೆ. ಒಪ್ಪಂದದಲ್ಲಿ ಹೊರಡುವ ದಿನ ಬರೆದಿರಬೇಕು. ಆ ನೆಲದಿಂದ ಯಾವ ಯುದ್ಧ ನಡೆಯಬಹುದು ಎಂಬುದನ್ನು ನೆಲದವರೇ ತೀರ್ಮಾನಿಸಬೇಕು. ಅಲ್ಲಿ ದುಡಿಯುವ ನಮ್ಮವರಿಗೆ ಈ ಒಪ್ಪಂದಗಳಲ್ಲಿ ಮಾತಿಲ್ಲ, ಅಪಾಯದಲ್ಲಿ ಮಾತ್ರ ಪಾಲಿದೆ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.