ಸ್ಕ್ಯಾನ್ ನಾರ್ಮಲ್, ಆದರೂ ತಲೆನೋವು: ಮ್ಯಾಗ್ನೆಟ್ ಚಿಕಿತ್ಸೆ ಯಾರಿಗೆ?

ಬೈಕಿನಿಂದ ಬಿದ್ದ ಮಗನಿಗೆ ಸ್ಕ್ಯಾನ್ ಮಾಡಿಸುತ್ತೀರಿ. ವರದಿ ನಾರ್ಮಲ್. ಮನೆಯವರೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಮೂರು ತಿಂಗಳಾದರೂ ತಲೆನೋವು ಹೋಗುವುದಿಲ್ಲ. ಸುಜೂದ್‌ಗೆ ಬಾಗಿದರೆ ತಲೆಸುತ್ತು, ಓದಲು ಕುಳಿತರೆ ಗಮನ ನಿಲ್ಲದು, ಸಣ್ಣ ಮಾತಿಗೂ ಸಿಟ್ಟು. ‘ಸ್ಕ್ಯಾನ್ ಸರಿಯಿದೆಯಲ್ಲ, ನೆಪ ಹೇಳುತ್ತಿದ್ದಾನೆ’ ಎಂಬ ಮಾತು ಆಗ ಶುರುವಾಗುತ್ತದೆ.

ಅದು ನೆಪವಲ್ಲ. ಪೆಟ್ಟಿನಿಂದ ಮಿದುಳು ಅಲುಗಿ ಉಂಟಾಗುವ ಈ ತೊಂದರೆಗೆ ಕನ್ಕಷನ್ ಎನ್ನುತ್ತಾರೆ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವ, ಮೂಳೆ ಮುರಿತಗಳನ್ನು ತೋರಿಸುತ್ತದೆ. ನರಕೋಶಗಳ ಕೆಲಸದಲ್ಲಾದ ಏರುಪೇರನ್ನು ತೋರಿಸುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಗುಣವಾಗುತ್ತಾರೆ. ಕೆಲವರಿಗೆ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥವರ ಮನೆಯವರು ‘ಮ್ಯಾಗ್ನೆಟ್ ಚಿಕಿತ್ಸೆ’ಯ ಬಗ್ಗೆ ಕೇಳುವುದು ಸಹಜ.

ಏನಿದು ಟಿ.ಎಂ.ಎಸ್.?

ತಲೆಯ ಮೇಲೆ ತಂತಿಸುರುಳಿಯೊಂದನ್ನು ಹಿಡಿದು ಅದರಲ್ಲಿ ಕ್ಷಣಕ್ಷಣವೂ ವಿದ್ಯುತ್ ಹರಿಸುತ್ತಾರೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ ಮಿದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ ಎಬ್ಬಿಸಿ ನರಕೋಶಗಳನ್ನು ತಟ್ಟುತ್ತದೆ. ಕೊಯ್ಯುವುದಿಲ್ಲ, ಅರಿವಳಿಕೆಯೂ ಬೇಡ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಔಷಧಕ್ಕೆ ಬಗ್ಗದ ಖಿನ್ನತೆಗೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ಅಂಗಡಿಯಲ್ಲಿ ಸಿಗುವ ಮ್ಯಾಗ್ನೆಟ್ ಬಳೆ, ಪಟ್ಟಿಗಳಿಗೂ ಇದಕ್ಕೂ ಸಂಬಂಧವಿಲ್ಲ.

ಕನ್ಕಷನ್‌ಗೆ ಉಪಯೋಗವೇ?

ಪ್ರಯೋಗಗಳು ನಡೆದಿವೆ, ಬಹುತೇಕ ಚಿಕ್ಕವು. ಕೆಲವರಲ್ಲಿ ತಲೆನೋವು, ಖಿನ್ನತೆ ತಗ್ಗಿವೆ. ಕೆಲವು ಪ್ರಯೋಗಗಳಲ್ಲಿ, ಯಂತ್ರದ ಸದ್ದು ಮಾತ್ರ ಕೇಳಿಸಿಕೊಂಡು ನಿಜವಾದ ಚಿಕಿತ್ಸೆ ಪಡೆಯದವರೂ ಸುಧಾರಿಸಿದ್ದಾರೆ. ಹಾಗಾಗಿ ಕನ್ಕಷನ್‌ಗೆ ಇದಿನ್ನೂ ಖಚಿತ ಚಿಕಿತ್ಸೆಯಲ್ಲ. ಪೆಟ್ಟಿನ ನಂತರ ಖಿನ್ನತೆ ಕಾಡುತ್ತಿದ್ದು ಮಾತ್ರೆಯಿಂದ ಇಳಿಯದಿದ್ದರೆ ನರರೋಗ ಅಥವಾ ಮನೋರೋಗ ತಜ್ಞರನ್ನು ಈ ಬಗ್ಗೆ ಕೇಳಬಹುದು.

ಖಿನ್ನತೆಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಓಡಾಡಬೇಕು. ತಲೆಯಲ್ಲಿ ಲೋಹದ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರಿಗೆ ಇದು ಬೇಡ. ಪೇಸ್‌ಮೇಕರ್ ಇದ್ದರೆ, ಎಂದಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಬೇಕು. ನೆತ್ತಿ ನೋವು, ತಲೆನೋವು ಬರಬಹುದು. ಅಪರೂಪಕ್ಕೆ ಫಿಟ್ಸ್ ಕೂಡ. ಹಣ ಕಟ್ಟುವ ಮುನ್ನ ಕೇಳಿ: ಯಾವ ಲಕ್ಷಣಕ್ಕಾಗಿ ಕೊಡುತ್ತೀರಿ? ಎಷ್ಟು ಸಲ? ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ?

ಮೊದಲು ಮಾಡಬೇಕಾದದ್ದು

ಪೆಟ್ಟಾದ ಮೇಲೆ ಒಂದೆರಡು ದಿನ ವಿಶ್ರಾಂತಿ ಸಾಕು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಡಿ. ನಿಧಾನ ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ, ಸ್ವಲ್ಪಸ್ವಲ್ಪವೇ ಓದು ಒಳ್ಳೆಯದು. ತಲೆಸುತ್ತಿಗೆ, ಕತ್ತು ನೋವಿಗೆ ಫಿಸಿಯೋಥೆರಪಿಯ ವ್ಯಾಯಾಮಗಳಿವೆ. ದಿನವೂ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ತಲೆಸುತ್ತು ನಿಲ್ಲುವವರೆಗೆ ಬೈಕ್ ಬೇಡ.

ಯುನಾನಿ ವೈದ್ಯನಾಗಿ ಒಂದು ಮಾತು: ತಲೆಗೆ ಪೆಟ್ಟಾದ ಕೂಡಲೇ ಹಿಜಾಮಾ, ಮಾಲೀಶು ಎಂದು ನಮ್ಮಲ್ಲಿಗೆ ಬರಬೇಡಿ. ಮತ್ತೆಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಕೈಕಾಲು ಬಲಹೀನತೆ, ಮೂಗು ಅಥವಾ ಕಿವಿಯಿಂದ ನೀರು ಕಂಡರೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಸಣ್ಣ ಪೆಟ್ಟಾದರೂ ತಪಾಸಣೆ ಬೇಕು.

ತಿಂಗಳಾದರೂ ಗುಣವಾಗದವರನ್ನು ಬೈಯಬೇಡಿ. ಅವರ ಮಾತನ್ನು ನಂಬಿ, ತಜ್ಞರ ಬಳಿ ಕರೆದೊಯ್ಯಿರಿ.